ಕೊಟ್ಟಿಗೆ ಕೋಣೆಯಾದ ಲೆಕ್ಕ



ಸಿರುಗುಪ್ಪದ ಕಡೆಯ ಹಳ್ಳಿಯೊಂದರಿಂದ ನಮ್ಮ ಅಂಕಣಕ್ಕೆ ಒಂದು ಪತ್ರ ಬಂದಿದೆ. ಬರೆದವರು ಒಕ್ಕಲುತನದ ಮನೆಯ ಯಜಮಾನರು. ಅವರು ಎತ್ತುಗಳನ್ನು ಮಾರಿ ಆರು ವರ್ಷಗಳಾದವಂತೆ. ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮನೆಯ ಮುಂಭಾಗದ ಕೊಟ್ಟಿಗೆಯಲ್ಲಿ ಈಗ ಇರುವುದು ಮುರಿದ ಬಂಡಿಯ ಒಂದು ಗಾಲಿ, ಎರಡು ಮೋಟಾರು ಸೈಕಲ್ಲು, ಖಾಲಿ ಗೊಬ್ಬರದ ಚೀಲಗಳು. ಬರುವ ವೈಶಾಖದಲ್ಲಿ ಮಗನ ಮದುವೆ. ಮನೆಯಲ್ಲಿ ಜಾಗ ಸಾಲದು. ಅವರು ಕೇಳುತ್ತಾರೆ: “ಗೋಡೆ ಇದೆ, ಮಾಳಿಗೆ ಇದೆ, ನೆಲವೂ ಇದೆ. ಒಂದು ಬಾಗಿಲು ಕೂಡಿಸಿ ಸುಣ್ಣ ಬಳಿದರೆ ಕೋಣೆಯಾಗುವುದಿಲ್ಲವೇ? ಎಷ್ಟು ಖರ್ಚು ಬಂದೀತು, ತಿಳಿಸಿರಿ.”

ಪಟ್ಟಣದಲ್ಲಿರುವ ಬಂಧುಗಳು ಕಾರು ನಿಲ್ಲಿಸುವ ಗ್ಯಾರೇಜಿನ ಬಗ್ಗೆ ಕೇಳುವ ಪ್ರಶ್ನೆಯೂ ಇದೇ. ಅವರಲ್ಲಿ ಕಾರು, ನಮ್ಮಲ್ಲಿ ಎತ್ತು, ಅಷ್ಟೇ ವ್ಯತ್ಯಾಸ. ಈ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಹೇಳುವ ಅಗತ್ಯ ನಮಗಿಲ್ಲ. ಕೊಳಗಲ್ಲಿನ ನಮ್ಮ ಮನೆಯಲ್ಲಿಯೇ ನಾವು ಇದನ್ನು ಮಾಡಿದ್ದೇವೆ. ಒಂದು ಸಲವಲ್ಲ, ಎರಡು ಸಲ ಮಾಡಿದ್ದೇವೆ. ಮೊದಲ ಸಲ ಮಾಡಿದ್ದು ತಪ್ಪಾಗಿತ್ತು. ಅದಕ್ಕಾಗಿಯೇ ಎರಡನೆಯ ಸಲ ಮಾಡಬೇಕಾಯಿತು. ಖರ್ಚಿನ ಪುಸ್ತಕ ಇನ್ನೂ ನಮ್ಮ ಬಳಿ ಇದೆ. ಅದನ್ನು ಓದುಗರ ಮುಂದೆ ತೆರೆದಿಡುತ್ತೇವೆ.

ಮೊದಲು ಮನೆಯ ಪರಿಚಯ. ಕೊಳಗಲ್ಲು ಹಳೆಯ ಊರು, ಕ್ರಿ.ಶ. 967ರ ರಾಷ್ಟ್ರಕೂಟರ ಕಾಲದ ಶಾಸನವೊಂದು ಇಲ್ಲಿಯದು. ನಮ್ಮ ಮನೆ ಅಷ್ಟು ಹಳೆಯದಲ್ಲ, ಅಜ್ಜನವರು ಕಟ್ಟಿಸಿದ್ದು. ಬಳ್ಳಾರಿ ಸೀಮೆಯ ಒಕ್ಕಲಿಗರ ಮನೆಗಳಂತೆಯೇ ಅದರ ರಚನೆ. ಮಣ್ಣು ಗಾರೆಯಲ್ಲಿ ಕಟ್ಟಿದ ಎರಡು ಅಡಿ ದಪ್ಪದ ಕಲ್ಲು ಗೋಡೆ. ಕಂಬ, ತೊಲೆ, ಜಂತಿ. ಅದರ ಮೇಲೆ ಸೊಪ್ಪು ಹಾಸಿ ಚೌಳು ಮಣ್ಣು ಹೊದಿಸಿದ ಮಾಳಿಗೆ. ತಲೆಬಾಗಿಲು ದಾಟಿದರೆ ಮೊದಲು ಕೊಟ್ಟಿಗೆ, ಅದರ ಒಂದು ಬದಿಗೆ ಗೋದಲಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ಅಡಿಗೆಮನೆ, ದೇವರ ಕೋಣೆ. ಎತ್ತುಗಳು ರಾತ್ರಿ ಕಣ್ಣ ಮುಂದೆಯೇ ಇರಬೇಕೆಂಬುದು ಆ ಕಾಲದ ವಿವೇಕ.

ಆ ಎರಡು ಮೆಟ್ಟಿಲುಗಳನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಲೆಕ್ಕವೆಲ್ಲ ತಪ್ಪಿದ್ದು ಅಲ್ಲಿಯೇ. ಕೊಟ್ಟಿಗೆಯನ್ನು ಹಿರಿಯರು ಬೇಕೆಂದೇ ತಗ್ಗಿನಲ್ಲಿ ಕಟ್ಟಿದರು. ಗಂಜಲವೂ ಮಳೆನೀರೂ ಜನರಿರುವ ಕಡೆಗೆ ಬರದೆ ಹೊರಗೆ ಹರಿದು ಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟರು. ಗಾಳಿ ಬೆಳಕಿಗೆ ಒಂದು ಕಡೆ ಗೋಡೆಯೇ ಇಲ್ಲದೆ ಬಿಟ್ಟರು. ಪಟ್ಟಣದ ಗ್ಯಾರೇಜೂ ಹೀಗೆಯೇ ಇರುತ್ತದೆ: ನೆಲ ರಸ್ತೆಯ ಮಟ್ಟಕ್ಕೆ, ಇಳಿಜಾರು ಬಾಗಿಲ ಕಡೆಗೆ, ಕಿಟಕಿ ಇಲ್ಲ. ಕೊಟ್ಟಿಗೆಯನ್ನಾಗಲಿ ಗ್ಯಾರೇಜನ್ನಾಗಲಿ ಕಟ್ಟುವಾಗ ಇರುವ ಉದ್ದೇಶ ಒಳಗಿನದು ಸುಲಭವಾಗಿ ಹೊರಗೆ ಹೋಗಬೇಕೆಂಬುದು. ಮನುಷ್ಯರ ಕೋಣೆಯನ್ನು ಕಟ್ಟುವಾಗ ಇರುವ ಉದ್ದೇಶ ಹೊರಗಿನದು ಒಳಗೆ ಬರಬಾರದೆಂಬುದು. ಆದ್ದರಿಂದ ಮೂರು ಗೋಡೆ ಮೊದಲೇ ನಿಂತಿವೆಯೆಂದ ಮಾತ್ರಕ್ಕೆ ಮುಕ್ಕಾಲು ಕೆಲಸ ಮುಗಿದಿದೆ ಎಂದು ತಿಳಿಯುವುದು ತಪ್ಪು.

ನಾವು ಹಾಗೆಯೇ ತಿಳಿದಿದ್ದೆವು.

2017ರಲ್ಲಿ ನಮ್ಮ ಹಿರಿಯ ಮಗನ ಮದುವೆ ನಿಶ್ಚಯವಾಯಿತು. ಒಳಗಿನ ಕೋಣೆಯಲ್ಲಿ ನಮ್ಮ ಅವ್ವ ಇರುತ್ತಿದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಹೊಸ ದಂಪತಿಗಳಿಗೆ ಆ ಕೋಣೆಯನ್ನು ಬಿಟ್ಟುಕೊಡುವ ಮಾತನ್ನು ಮೊದಲು ಎತ್ತಿದವರು ಅವರೇ. “ಕೊಟ್ಟಿಗೆಯನ್ನೇ ಒಂದಿಷ್ಟು ಸರಿಮಾಡಿ ಕೊಡಪ್ಪ. ಬಾಗಿಲ ಹತ್ತಿರವೇ ಇದ್ದರೆ ಬಂದವರು ಹೋದವರನ್ನು ನೋಡಿಕೊಂಡು ಇರುತ್ತೇನೆ” ಎಂದರು. ಆ ಮಾತಿನಿಂದ ನಮಗೆ ಎಷ್ಟು ಹಗುರವಾಯಿತೆಂದರೆ, ಅದರ ಹಿಂದೆ ಏನಿರಬಹುದೆಂದು ಯೋಚಿಸುವ ಗೊಡವೆಗೇ ನಾವು ಹೋಗಲಿಲ್ಲ.

ಕೊಟ್ಟಿಗೆಯ ಒಳ ಅಳತೆ ಹತ್ತು ಅಡಿಗೆ ಇಪ್ಪತ್ತು ಅಡಿ, ಎಂದರೆ ಇನ್ನೂರು ಚದರ ಅಡಿ. ಪರಿಚಯದ ಗೌಂಡಿಯೊಬ್ಬರನ್ನು ಕರೆಸಿದೆವು. ಅವರು ಕೊಟ್ಟ ಅಂದಾಜು ಹೀಗಿತ್ತು: ಹಳೆಯ ನೆಲದ ಮೇಲೆಯೇ ಸಿಮೆಂಟು ಹಾಕಿ ಟೈಲ್ಸ್ ಕೂಡಿಸಲು 24,000 ರೂಪಾಯಿ, ತೆರೆದ ಬದಿಗೆ ಹೊಸ ಗೋಡೆ, ಬಾಗಿಲು, ಒಂದು ಚಿಕ್ಕ ಕಿಟಕಿಗೆ 26,000, ಒಳಗಿನ ಗೋಡೆಗಳಿಗೆ ಸಿಮೆಂಟು ಗಾರೆ ಮತ್ತು ಬಣ್ಣಕ್ಕೆ 38,000, ಗೆದ್ದಲು ತಿಂದ ಜಂತಿಗಳನ್ನು ಕಿತ್ತು ಕಬ್ಬಿಣದ ಪೈಪಿನ ಮೇಲೆ ತಗಡು ಹೊದಿಸಲು 30,000. ಒಟ್ಟು 1,18,000 ರೂಪಾಯಿ. ಹಿತ್ತಲಿನಲ್ಲಿ ಇಷ್ಟೇ ಅಳತೆಯ ಹೊಸ ಕೋಣೆಯನ್ನು ಶೌಚಾಲಯ ಸಹಿತ ಕಟ್ಟಿದರೆ 2,80,000 ಆಗುತ್ತದೆಂದು ಇನ್ನೊಬ್ಬ ಮೇಸ್ತ್ರಿ ಹೇಳಿದ್ದರು. ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಆಗುವಾಗ ಯಾರು ತಾನೇ ಹೊಸದನ್ನು ಕಟ್ಟಿಸುತ್ತಾರೆ? ಗೌಂಡಿಯವರನ್ನು ನಾವು ದೂರುವುದಿಲ್ಲ. ನಾವು ಕೇಳಿದ್ದು ಕಡಿಮೆ ಖರ್ಚಿನ ಕೆಲಸವನ್ನು. ಅವರು ಮಾಡಿಕೊಟ್ಟದ್ದೂ ಅದನ್ನೇ. ಆ ವರ್ಷದ ಯುಗಾದಿಗೆ ಅವ್ವ ಹೊಸ ಕೋಣೆಗೆ ಬಂದರು.

ಮೊದಲು ಬಂದದ್ದು ಬೇಸಿಗೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳುಗಳು ಹೇಗಿರುತ್ತವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಉಷ್ಣತೆ ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯಲ್ಲ. ಹಳೆಯ ಮಾಳಿಗೆಯ ಮುಕ್ಕಾಲು ಅಡಿ ಮಣ್ಣು ಬಿಸಿಲನ್ನು ತನ್ನಲ್ಲಿಯೇ ತಡೆದು ಕೆಳಗೆ ತಂಪು ಉಳಿಸುತ್ತಿತ್ತು. ಆ ಮಣ್ಣನ್ನು ಇಳಿಸಿದ್ದು ತಪ್ಪೆಂದು ಹೇಳಲಾರೆವು. ಇನ್ನೂರು ಚದರ ಅಡಿಗೆ ಮುಕ್ಕಾಲು ಅಡಿ ಎಂದರೆ ನೂರೈವತ್ತು ಘನ ಅಡಿ. ಒಣ ಮಣ್ಣು ಘನ ಅಡಿಗೆ ಸುಮಾರು ನಲವತ್ತೈದು ಕಿಲೋ ತೂಗುತ್ತದೆ. ಹೆಚ್ಚುಕಡಿಮೆ ಏಳು ಟನ್ನು ಭಾರ ಗೆದ್ದಲು ಹಿಡಿದ ಜಂತಿಗಳ ಮೇಲಿತ್ತು. ಮಳೆಗೆ ನೆನೆದರೆ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಹೇಗೆ ಕುಸಿದವೆಂಬುದನ್ನು ಯಾರೂ ಮರೆತಿಲ್ಲ. ಮಣ್ಣು ಇಳಿಯಬೇಕಾಗಿತ್ತು, ಇಳಿಸಿದೆವು. ಆದರೆ ಅದು ಭಾರವನ್ನಷ್ಟೇ ಅಲ್ಲ, ತಂಪನ್ನೂ ಹೊತ್ತಿತ್ತೆಂಬುದು ನಮಗೆ ಹೊಳೆಯಲಿಲ್ಲ. ಅದರ ಜಾಗದಲ್ಲಿ ತೆಳುವಾದ ತಗಡನ್ನು ಇಟ್ಟು, ಕೆಳಗೆ ಒಂದು ಫ್ಯಾನು ತಿರುಗಿಸಿದೆವು. ಫ್ಯಾನು ತಗಡಿನ ಕೆಳಗಿನ ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು.

ಆಮೇಲೆ ಮಳೆಗಾಲ. ಅಂಗಳದ ಮಟ್ಟದಲ್ಲಿಯೇ ಇದ್ದ ನೆಲಕ್ಕೆ ನೀರು ನುಗ್ಗಿತು. ಒಮ್ಮೆ ಅವ್ವನ ಹಾಸಿಗೆಯ ಅಂಚು ನೆನೆಯಿತು. ನೀರು ಒಣಗಿದ ಮೇಲೆ ಗೋಡೆಗಳ ಕೆಳಭಾಗದಲ್ಲಿ, ಮೊಣಕಾಲೆತ್ತರದವರೆಗೆ, ಬಣ್ಣ ಉಬ್ಬಿ ಹಪ್ಪಳದಂತೆ ಉದುರತೊಡಗಿತು. ಅದರ ಹಿಂದೆ ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ಮತ್ತೆ ಬಳಿಸಿದೆವು, ಮತ್ತೆ ಉದುರಿತು.

ಇದರ ಕಾರಣ ನಮಗೆ ತಿಳಿದದ್ದು ತಡವಾಗಿ. ಐವತ್ತು ಅರವತ್ತು ವರ್ಷ ದನ ಕಟ್ಟಿದ ನೆಲ ಗಂಜಲವನ್ನು ಕುಡಿದಿರುತ್ತದೆ. ಗಂಜಲದ ಸಾರ ಮಣ್ಣಿನಲ್ಲಿ ಉಪ್ಪಾಗಿ ನಿಲ್ಲುತ್ತದೆ. ಹಿಂದಿನ ಕಾಲದಲ್ಲಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಇಂತಹ ದನದ ನೆಲದ ಮಣ್ಣಿನಿಂದಲೇ ತೆಗೆಯುತ್ತಿದ್ದರು. ನೆಲದ ತೇವದೊಡನೆ ಆ ಉಪ್ಪು ಗೋಡೆಯೊಳಗೆ ಏರುತ್ತದೆ. ಹಿರಿಯರ ಮಣ್ಣಿನ ಅಥವಾ ಸುಣ್ಣದ ಗಾರೆ ತೇವವನ್ನು ಹೊರಗೆ ಬಿಟ್ಟುಕೊಡುತ್ತಿತ್ತು. ಸಿಮೆಂಟಿನ ಗಾರೆ ಗಟ್ಟಿ; ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಉಪ್ಪು ಅದರ ಹಿಂದೆ ಹರಳುಗಟ್ಟಿ ಉಬ್ಬಿ, ಗಾರೆಯನ್ನೇ ಹೊರಕ್ಕೆ ತಳ್ಳುತ್ತದೆ. ಕೊಟ್ಟಿಗೆಯ ಗೋಡೆಗೆ ನೇರವಾಗಿ ಸಿಮೆಂಟು ಬಳಿಸುವವರು ಈ ಒಂದು ಮಾತನ್ನು ತಿಳಿದರೆ ಸಾಕು, ಈ ಲೇಖನ ಬರೆದ ನಮ್ಮ ಶ್ರಮ ಸಾರ್ಥಕ.

ಮೂರನೆಯದು ಹೊಸ ಗೋಡೆ. ನಮ್ಮ ಸೀಮೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ತೆರೆದ ಬದಿಗೆ ಕಟ್ಟಿದ ಗೋಡೆಗೆ ಒಂದೂವರೆ ಅಡಿಯ ಪಾಯ ತೋಡಿದ್ದರು. ಎರೆ ಮಣ್ಣಿನಲ್ಲಿ ಅಷ್ಟು ಕಡಿಮೆ ಆಳದ ಪಾಯ ಮಣ್ಣಿನೊಡನೆಯೇ ಏರುತ್ತದೆ, ಇಳಿಯುತ್ತದೆ. ಹಳೆಯ ಗೋಡೆ ಕದಲದು, ಹೊಸದು ಕದಲುತ್ತದೆ. ಎರಡೂ ಕೂಡುವಲ್ಲಿ ಬಿರುಕು ಬೀಳುತ್ತದೆ. ಮೊದಲ ವರ್ಷವೇ ಬಾಗಿಲು ಚೌಕಟ್ಟಿಗೆ ಕೂಡದಂತಾಯಿತು.

ಇಷ್ಟಾದರೂ ಅವ್ವ ಒಂದು ಮಾತು ಆಡಲಿಲ್ಲ. 2018ರ ಬೇಸಿಗೆಯಲ್ಲಿ ನಮ್ಮ ಸೊಸೆಯೇ ಇದನ್ನು ಬಯಲಿಗೆ ತಂದಳು. ನಸುಕಿನಲ್ಲಿ ಎದ್ದು ಕಸ ಗುಡಿಸಲು ಬಂದಾಗ ಅಜ್ಜಿ ಪಡಸಾಲೆಯ ಕಂಬದ ಬುಡದಲ್ಲಿ ಚಾಪೆ ಹಾಸಿಕೊಂಡು ಮಲಗಿರುವುದನ್ನು ಅವಳು ದಿನವೂ ನೋಡುತ್ತಿದ್ದಳು. ನಾವು ಏಳುವ ಮೊದಲೇ ಅವ್ವ ಚಾಪೆ ಸುತ್ತಿಕೊಂಡು ಕೋಣೆಗೆ ಹೋಗಿಬಿಡುತ್ತಿದ್ದರು. “ಮಾವ, ಅಜ್ಜಿಯ ಕೋಣೆಯನ್ನು ನಾವು ತೆಗೆದುಕೊಂಡೆವು. ಅವರಿಗೆ ಮಲಗಲು ಕೋಣೆಯೇ ಇಲ್ಲದಂತಾಯಿತು” ಎಂದು ಕಣ್ಣೀರು ತಂದುಕೊಂಡು ಹೇಳಿದಳು. ನಾವು ಅವ್ವನನ್ನು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. “ಮೊದಲು ಅಲ್ಲಿ ಎತ್ತುಗಳಿಗೆ ತಂಪಿತ್ತು. ಆ ತಂಪು ಎಲ್ಲಿ ಹೋಯಿತೋ ಏನೋ. ನೀನು ದುಡ್ಡು ಹಾಕಿ ಮಾಡಿಸಿದ್ದೀಯಪ್ಪ, ಹೇಗೆ ಹೇಳಲಿ?” ಎಂದರು. ರಾತ್ರಿ ಶೌಚಕ್ಕೆ ಹಿತ್ತಲಿನವರೆಗೆ ಕತ್ತಲೆಯಲ್ಲಿ ಹೋಗಬೇಕೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರೆಂಬುದೂ ಆಗ ತಿಳಿಯಿತು. ಬೆಳಗಿನ ಲಿಂಗಪೂಜೆಗೂ ಅವರು ಒಳಗಿನ ಪಡಸಾಲೆಯ ಮೂಲೆಯನ್ನೇ ಹಿಡಿದಿದ್ದರು. ನಾವು ಅದು ಹಳೆಯ ಅಭ್ಯಾಸವೆಂದುಕೊಂಡಿದ್ದೆವು. ಉಪ್ಪು ಉದುರುವ ನೆಲದಲ್ಲಿ ಕೂಡಲು ಅವರಿಗೆ ಮನಸ್ಸಿರಲಿಲ್ಲ.

2019ರ ಆರಂಭದಲ್ಲಿ, ಬೇಸಿಗೆ ಬರುವ ಮುನ್ನ, ಎರಡನೆಯ ಸಲ ಕೆಲಸ ಹಿಡಿದೆವು. ಈ ಸಲ ಬಳ್ಳಾರಿಯಿಂದ ಎಂಜಿನಿಯರೊಬ್ಬರನ್ನು ಕರೆತಂದೆವು. ಅವರು ಮೊದಲು ಕೇಳಿದ್ದು, “ಇಲ್ಲಿ ಇರುವವರು ಯಾರು?” ಎಂದು. ಆ ಪ್ರಶ್ನೆಯನ್ನು ಎರಡು ವರ್ಷದ ಹಿಂದೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿತ್ತು.

ನೆಲದಿಂದ ಆರಂಭಿಸಿದೆವು. ಟೈಲ್ಸನ್ನೆಲ್ಲ ಒಡೆದು ತೆಗೆದು ಎರಡು ಅಡಿ ಆಳದವರೆಗೆ ಹಳೆಯ ಮಣ್ಣನ್ನು ಅಗೆಸಿದೆವು. ಅದು ನಾಲ್ಕು ನೂರು ಘನ ಅಡಿ. ಮನೆಗೆ ವಿಷವಾಗಿದ್ದ ಆ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ; ಒಂದು ಬುಟ್ಟಿಯನ್ನೂ ಚೆಲ್ಲದೆ ಹೊಲಕ್ಕೆ ಸಾಗಿಸಿದೆವು. ಆ ಗುಂಡಿಯನ್ನು ತುಂಬಿ, ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ನೆಲವನ್ನು ತರಲು ಏಳು ನೂರು ಘನ ಅಡಿ ಗರಸು ಬೇಕಾಯಿತು. ಟ್ರ್ಯಾಕ್ಟರ್ ಟ್ರಾಲಿಗೆ ನೂರು ಘನ ಅಡಿಯೆಂದರೆ ಏಳು ಟ್ರಾಲಿ. ನೀರು ಹಾಕಿ ಕುಟ್ಟಿದಾಗ ಕುಗ್ಗುವುದರಿಂದ ಇನ್ನೂ ಎರಡು ತರಿಸಬೇಕಾಯಿತು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕು ಅಂಗುಲ ಕಾಂಕ್ರೀಟು, ಅದರ ಮೇಲೆ ತಾಡಪತ್ರಿಯ ಕಲ್ಲು. ಇದಕ್ಕೆ 31,000 ರೂಪಾಯಿ ಆಯಿತು.

ಗೋಡೆಯ ಸಿಮೆಂಟು ಗಾರೆಯನ್ನು ಪೂರ್ತಿ ಕೆರೆದು, ಸಂದುಗಳ ಉಪ್ಪನ್ನು ಕುಂಚದಿಂದ ಉಜ್ಜಿ, ಒಂದು ತಿಂಗಳು ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದೆವು. ಇದಕ್ಕೆ 34,000. ಸುಣ್ಣದ ಗಾರೆಯೂ ಕೆಳಭಾಗದಲ್ಲಿ ಕೆಲವು ವರ್ಷಕ್ಕೊಮ್ಮೆ ಉದುರುತ್ತದೆ. ಉದುರಿದಷ್ಟನ್ನೇ ತೇಪೆ ಹಾಕಿದರೆ ಸಾಕು, ಗೋಡೆ ಉಳಿಯುತ್ತದೆ.

ಮೇಲ್ಛಾವಣಿಗೆ ಆರ್.ಸಿ.ಸಿ. ಹಾಕಿಸುವ ಆಸೆ ನಮಗಿತ್ತು. ಮಣ್ಣು ಗಾರೆಯ ಗೋಡೆಯ ಮೇಲೆ ಆ ಭಾರ ಹೊರಿಸಬಾರದು, ಬೇಕಾದರೆ ಬೇರೆ ಕಂಬಗಳನ್ನು ಆಳದ ಪಾಯದಿಂದ ಎಬ್ಬಿಸಬೇಕೆಂದು ಎಂಜಿನಿಯರು ಹೇಳಿದರು. ಅದಕ್ಕೆ ಹಣ ಸಾಲದು. ಆದ್ದರಿಂದ ತಗಡನ್ನು ಹಾಗೆಯೇ ಇಟ್ಟು, ಅದರ ಮೇಲೆ ಬಿಳಿಯ ಬಣ್ಣ ಬಳಿಸಿ, ಕೆಳಗೆ ಒಂದು ಅಡಿ ಅಂತರ ಬಿಟ್ಟು ಹಲಗೆಯ ಒಳಛಾವಣಿ ಮಾಡಿಸಿದೆವು. ನಡುವಿನ ಬಿಸಿ ಗಾಳಿ ಹೊರಗೆ ಹೋಗಲು ಎರಡೂ ತುದಿಗೆ ಕಿಂಡಿಗಳು. ಇದಕ್ಕೆ 27,000. ವಾಸದ ಕೋಣೆಯ ಎತ್ತರ 2.75 ಮೀಟರಿಗೆ, ಎಂದರೆ ಒಂಬತ್ತು ಅಡಿಗೆ ಕಡಿಮೆಯಾಗಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನೆಲ ಏರಿದಂತೆ ಎತ್ತರ ಕಡಿಮೆಯಾಗುತ್ತದೆ. ಪುಣ್ಯಕ್ಕೆ ನಮ್ಮ ತಗಡು ಹನ್ನೊಂದೂವರೆ ಅಡಿಯಲ್ಲಿತ್ತು. ಒಂದೂವರೆ ಅಡಿ ನೆಲಕ್ಕೆ, ಒಂದು ಅಡಿ ಒಳಛಾವಣಿಗೆ ಹೋಗಿ ಸರಿಯಾಗಿ ಒಂಬತ್ತು ಅಡಿ ಉಳಿಯಿತು. ನೆಲವನ್ನೂ ಛಾವಣಿಯನ್ನೂ ಒಟ್ಟಿಗೆ ಯೋಚಿಸದಿದ್ದರೆ ತಲೆ ತಗ್ಗಿಸಿ ನಡೆಯುವ ಕೋಣೆಯಾದೀತು.

ಅದೇ ಸಂಹಿತೆಯ ಪ್ರಕಾರ ನಮ್ಮಂತಹ ಬಿಸಿಲು ಸೀಮೆಯಲ್ಲಿ ಕಿಟಕಿಯ ಅಳತೆ ನೆಲದ ಹತ್ತರಲ್ಲಿ ಒಂದು ಪಾಲಾದರೂ ಇರಬೇಕು. ಇನ್ನೂರು ಚದರ ಅಡಿಗೆ ಇಪ್ಪತ್ತು ಚದರ ಅಡಿ. ನಮ್ಮ ಕಿಟಕಿ ಮೂರಕ್ಕೆ ಮೂರು, ಬರೀ ಒಂಬತ್ತು. ಎದುರು ಗೋಡೆಯಲ್ಲಿ ಇನ್ನೊಂದನ್ನು ತೆರೆಸಿದಾಗಲೇ ಗಾಳಿ ಹಾಯತೊಡಗಿತು. ಎರಡು ಅಡಿ ದಪ್ಪದ ಕಲ್ಲು ಗೋಡೆಯನ್ನು ಕೊರೆಯುವುದು ಸುಲಭವಲ್ಲ. ಮೊದಲು ಮೇಲಿನ ಕಲ್ಲಿಗೆ ಆಸರೆ ಕೊಟ್ಟು ಆಮೇಲೆ ಬಿಡಿಸಬೇಕು. ಕೊಟ್ಟಿಗೆಯ ಒಂದೇ ಬಲ್ಬಿನ ತಂತಿಯಿಂದ ಫ್ಯಾನು ನಡೆಸುತ್ತಿದ್ದುದನ್ನು ತೆಗೆದು, ಬೇರೆ ತಂತಿ, ಅರ್ತಿಂಗ್, ವಿದ್ಯುತ್ತು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು ಹಾಕಿಸಿದೆವು. ಕಿಟಕಿ ಮತ್ತು ವಿದ್ಯುತ್ತು ಎರಡಕ್ಕೂ ಸೇರಿ 24,000.

ಕೊನೆಯದಾಗಿ ಕೋಣೆಗೆ ಹೊಂದಿಕೊಂಡಂತೆ ಸ್ನಾನ, ಶೌಚದ ಮನೆಗೆ 48,000. ಇಲ್ಲಿಯೂ ಎರೆ ಮಣ್ಣಿನದೇ ಮಾತು. ಅದು ನೀರನ್ನು ಬೇಗ ಹೀರುವುದಿಲ್ಲ. ಆದ್ದರಿಂದ ಇಂಗುಗುಂಡಿಯ ಸುತ್ತಲೂ ಒಂದು ಅಡಿ ದಪ್ಪಕ್ಕೆ ಮರಳು, ಸಣ್ಣ ಜಲ್ಲಿ ತುಂಬಿಸಬೇಕು. ಇಲ್ಲದಿದ್ದರೆ ಗುಂಡಿ ಬೇಗನೆ ಕಟ್ಟಿಕೊಳ್ಳುತ್ತದೆ.

ಈಗ ಕೂಡಿಸಿ ನೋಡೋಣ. ಎರಡನೆಯ ಸಲದ ಖರ್ಚು 1,64,000. ಮೊದಲಿನ 1,18,000 ಸೇರಿದರೆ 2,82,000. ಹಿತ್ತಲಿನಲ್ಲಿ ಹೊಸ ಕೋಣೆ ಕಟ್ಟಿಸಿದ್ದರೆ ಆಗುತ್ತಿದ್ದುದಕ್ಕಿಂತ ಎರಡು ಸಾವಿರ ಹೆಚ್ಚು! ಮೊದಲ ಸಲದ ನೆಲ, ಗಾರೆ ಎರಡೂ ಒಡೆದು ಹೋದವು. ಆ 62,000 ರೂಪಾಯಿ ಮಣ್ಣುಪಾಲು. ಅದನ್ನು ಕಳೆದರೆ ಉಳಿಯುವುದು 2,20,000. ಎಂದರೆ, ಮೊದಲ ಸಲವೇ ಸರಿಯಾಗಿ ಮಾಡಿದ್ದರೆ ಹೊಸ ಕೋಣೆಗಿಂತ 60,000 ರೂಪಾಯಿ ಉಳಿಯುತ್ತಿತ್ತು, ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇದೇ ಕೊಟ್ಟಿಗೆಯನ್ನು ಕೋಣೆ ಮಾಡುವುದರ ನಿಜವಾದ ಲಾಭ. ಅರ್ಧ ಉಳಿಯುತ್ತದೆಂದು ಯಾರಾದರೂ ಹೇಳಿದರೆ, ಯಾವುದೋ ಒಂದು ಕೆಲಸವನ್ನು ಅವರು ಬಿಟ್ಟಿದ್ದಾರೆಂದೇ ತಿಳಿಯಬೇಕು.

ಇವು 2017 ಮತ್ತು 2019ರ ದರಗಳು. ಇಂದಿನ ಕೂಲಿ, ಗರಸು, ಕಬ್ಬಿಣದ ದರವನ್ನು ಓದುಗರು ತಮ್ಮ ಊರಿನಲ್ಲಿಯೇ ವಿಚಾರಿಸಬೇಕು. ಸಿಮೆಂಟಿನ ಮೇಲೆ 2019ರಲ್ಲಿ ನೂರಕ್ಕೆ 28ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ದರಗಳು ಬದಲಾದರೂ ಅಳತೆಗಳು ಬದಲಾಗುವುದಿಲ್ಲ. ಮೇಲೆ ಹೇಳಿದ ಘನ ಅಡಿ, ಚದರ ಅಡಿಗಳನ್ನು ನಿಮ್ಮ ಕೊಟ್ಟಿಗೆಗೆ ಹೊಂದಿಸಿಕೊಂಡರೆ ಲೆಕ್ಕ ತಾನಾಗಿಯೇ ಸಿಗುತ್ತದೆ.

ಹಣ ಹಾಕುವ ಮೊದಲು ಕಾಗದ ಪತ್ರಗಳನ್ನೂ ನೋಡಿಕೊಳ್ಳಬೇಕು. ಹಳ್ಳಿಗಳಲ್ಲಿ ಕೊಟ್ಟಿಗೆ ಬಹುಮಟ್ಟಿಗೆ ಅವಿಭಕ್ತ ಆಸ್ತಿ. ಅಣ್ಣನು ಖರ್ಚು ಮಾಡಿ ಕಟ್ಟಿಸಿದ ಕೋಣೆ ಪಾಲಿನ ದಿನ ತಮ್ಮನಿಗೆ ಹೋಗಿ, ಎರಡು ಮನೆಗಳ ಮಾತು ನಿಂತುಹೋದುದನ್ನು ನಾವು ಕಂಡಿದ್ದೇವೆ. ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ ಲಿಂಗಾಯತರನ್ನು ಹೆಸರಿಟ್ಟು ಒಳಗೊಂಡಿದೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆದ್ದರಿಂದ ಅಣ್ಣತಮ್ಮಂದಿರನ್ನಷ್ಟೇ ಅಲ್ಲ, ಕೊಟ್ಟ ಮನೆಗೆ ಹೋದ ಅಕ್ಕತಂಗಿಯರನ್ನೂ ಕೂಡಿಸಿ ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಗ್ರಾಮ ಪಂಚಾಯಿತಿಯ ಅನುಮತಿ ಪಡೆದು, ಇ-ಸ್ವತ್ತಿನ ದಾಖಲೆ ಸರಿಯಿದೆಯೇ ಎಂದು ನೋಡಿಕೊಂಡು ಕೆಲಸ ಆರಂಭಿಸಬೇಕು.

ಪಟ್ಟಣದ ಬಂಧುಗಳಿಗೂ ಒಂದು ಮಾತು. ಸ್ವಂತ ಮನೆಯ ಗ್ಯಾರೇಜಾದರೆ ನಗರಸಭೆ, ಪಾಲಿಕೆಯ ನಿಯಮ ಕೇಳಿಯೇ ಮುಟ್ಟಬೇಕು. ನಕ್ಷೆಯಲ್ಲಿ ವಾಹನ ನಿಲುಗಡೆಗೆಂದು ತೋರಿಸಿದ ಜಾಗದಲ್ಲಿ ಬಾಡಿಗೆಯ ಕೋಣೆ ಮಾಡುವುದು ನಿಯಮಕ್ಕೆ ವಿರುದ್ಧವಾಗುತ್ತದೆ. ಅಪಾರ್ಟ್‌ಮೆಂಟುಗಳ ಕಂಬಗಳ ಕೆಳಗಿನ ನಿಲುಗಡೆ ಎಲ್ಲರಿಗೂ ಸೇರಿದ ಜಾಗ, ಕಟ್ಟಿದವರು ಅದನ್ನು ಬೇರೆಯಾಗಿ ಮಾರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ಹೇಳಿದೆ. ಅಮೆರಿಕದಲ್ಲಿ ಮಕ್ಕಳಿರುವ ಓದುಗರೂ ನಮ್ಮಲ್ಲಿ ಕಡಿಮೆಯಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 2020ರ ಜನವರಿ 1ರಿಂದ ಜಾರಿಗೆ ತಂದ ಕಾನೂನುಗಳಿಂದ ಅಲ್ಲಿ ಗ್ಯಾರೇಜನ್ನು ಚಿಕ್ಕ ವಾಸದ ಮನೆಯಾಗಿಸುವುದು ಸುಲಭವಾಯಿತು; ಹೋದ ನಿಲುಗಡೆಗೆ ಬದಲಿ ಜಾಗ ತೋರಿಸೆಂದು ಸ್ಥಳೀಯ ಆಡಳಿತ ಕೇಳುವಂತಿಲ್ಲ. ತಂದೆತಾಯಿಗಳನ್ನು ಕರೆಸಿಕೊಂಡು ಅಲ್ಲಿ ಇರಿಸಬಯಸುವ ಮಕ್ಕಳಿಗೆ ಇದು ಅನುಕೂಲವೇ. ಆದರೆ ಅಲ್ಲಿಯೂ ಗೋಡೆ, ಛಾವಣಿಗೆ ಚಳಿ ಬಿಸಿಲು ತಡೆಯುವ ಒಳಪದರ, ಅಪಾಯದಲ್ಲಿ ಹೊರಗೆ ಬರಬಹುದಾದಷ್ಟು ದೊಡ್ಡ ಕಿಟಕಿ, ಇವೆಲ್ಲ ಇದ್ದರೆ ಮಾತ್ರ ಅದು ಮಲಗುವ ಕೋಣೆಯೆನಿಸುತ್ತದೆ. ದೇಶ ಯಾವುದಾದರೂ ವಾಹನದ ಮನೆ ಮನುಷ್ಯರ ಮನೆಯಾಗಬೇಕಾದರೆ ಮಾಡಬೇಕಾದ ಕೆಲಸ ಒಂದೇ.

ಇನ್ನು ಸಿರುಗುಪ್ಪದ ಕಡೆಯ ಯಜಮಾನರಿಗೆ ನಮ್ಮ ಉತ್ತರ. ನಿಮ್ಮ ಕೊಟ್ಟಿಗೆಯನ್ನು ಖಂಡಿತ ಕೋಣೆ ಮಾಡಬಹುದು. ಆದರೆ ಮದುವೆಯ ಲಗ್ನಕ್ಕೆ ಮುಗಿಯಲೇಬೇಕೆಂಬ ಅವಸರ ಬೇಡ. ಗೋಡೆ ಒಣಗಲು ಬೇಕಾದ ಕಾಲವನ್ನು ಮುಹೂರ್ತ ಕಡಿಮೆ ಮಾಡಲಾರದು. ಹಣ ಸಾಲದಿದ್ದರೆ ಬಣ್ಣ, ಟೈಲ್ಸುಗಳನ್ನು ಮುಂದಕ್ಕೆ ಹಾಕಿರಿ; ನೆಲದ ಎತ್ತರ, ಛಾವಣಿಯ ತಂಪು, ಗೋಡೆಯ ಸುಣ್ಣ, ಶೌಚದ ಅನುಕೂಲ, ಇವು ನಾಲ್ಕನ್ನು ಮುಂದಕ್ಕೆ ಹಾಕಬೇಡಿರಿ. ಆ ಕೋಣೆ ಹೊಸ ದಂಪತಿಗಳಿಗೋ, ಮನೆಯ ಹಿರಿಯರಿಗೋ, ನಮಗೆ ತಿಳಿಯದು. ಹಿರಿಯರಿಗಾದರೆ, ಅವರು “ನನಗೇನು, ಹೇಗಾದರೂ ಆದೀತು” ಎಂದ ಮಾತನ್ನು ಒಪ್ಪಿಗೆಯೆಂದು ತಿಳಿಯಬೇಡಿರಿ. ಕೆಲಸ ಮುಗಿದ ಮೇಲೆ ನೀವೇ ಒಂದು ಬೇಸಿಗೆಯ ಮಧ್ಯಾಹ್ನ ಅಲ್ಲಿ ಮಲಗಿ ನೋಡಿರಿ. ಕಡಿಮೆ ಖರ್ಚಿನಲ್ಲಿ ಉಳಿದ ಹಣ ಎಲ್ಲಿಯೂ ಉಳಿದಿರುವುದಿಲ್ಲ. ಅದನ್ನು ಆ ಕೋಣೆಯಲ್ಲಿ ಇರುವವರು ದಿನದಿನವೂ ತೀರಿಸುತ್ತಿರುತ್ತಾರೆ.

ನಮ್ಮ ಅವ್ವ 2019ರ ಯುಗಾದಿಯಿಂದ ಮೂರು ವರ್ಷ ಆ ಕೋಣೆಯಲ್ಲಿ ಸುಖವಾಗಿದ್ದು 2022ರಲ್ಲಿ ಲಿಂಗೈಕ್ಯರಾದರು. ಲಿಂಗಪೂಜೆಗೆ ಹೊಸ ಕಿಟಕಿಯ ಕೆಳಗೆ ಅವರೇ ಜಾಗ ಗೊತ್ತುಮಾಡಿಕೊಂಡಿದ್ದರು. ಈಗ ಅಲ್ಲಿ ಮೊಮ್ಮಗನು ಓದುತ್ತಾನೆ. ಹೊಸ ಗೋಡೆಯ ಬಿರುಕನ್ನು ಪ್ರತಿ ಬೇಸಿಗೆಯಲ್ಲಿ ಇಂದಿಗೂ ನಾವು ಮುಚ್ಚುತ್ತೇವೆ. ಪಾಯದ ತಪ್ಪನ್ನು ತಿದ್ದಲು ಗೋಡೆಯನ್ನೇ ಕೆಡವಬೇಕು, ಅದಿನ್ನೂ ಆಗಿಲ್ಲ. ಖರ್ಚಿನ ಪುಸ್ತಕದಲ್ಲಿ ಎಲ್ಲ ಬಾಬುಗಳೂ ಇವೆ. ಅವ್ವ ಪಡಸಾಲೆಯ ಕಂಬದ ಬುಡದಲ್ಲಿ ಕಳೆದ ಎರಡು ಬೇಸಿಗೆಗಳನ್ನು ಮಾತ್ರ ಯಾವ ಬಾಬಿನಲ್ಲಿ ಬರೆಯಬೇಕೆಂದು ನಮಗೆ ಇನ್ನೂ ತಿಳಿದಿಲ್ಲ.

ಕೊಟ್ಟಿಗೆ, ಗ್ಯಾರೇಜು, ಹಳೆಯ ಕಣಜದ ಕೋಣೆ, ಯಾವುದನ್ನೇ ವಾಸಕ್ಕೆ ತಿರುಗಿಸಿದ ಅನುಭವವಿರುವ ಓದುಗರು ತಮ್ಮ ಲೆಕ್ಕವನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಒಬ್ಬರ ಖರ್ಚು ಇನ್ನೊಬ್ಬರಿಗೆ ಎಚ್ಚರವಾಗಲಿ.